ಬೆನ್ನು ತಿರುಗಿಸಿ ಕೂತವಳು

ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವ ಅವಳನ್ನು ಎಲ್ಲರೂ ಕರೆಯುವುದು ಕಿವಿಯಕ್ಕ ಎಂದೇ. ಸದ್ದು ನುಸುಳದ ಪುಟ್ಟ ಗಾಜಿನ ಕೋಣೆಯಲ್ಲಿ ರೋಗಿಯನ್ನು ಕೂರಿಸಿ, ಹೆಡ್‌ಫೋನ್ ಹಾಕಿ, ಹೊರಗಿನಿಂದ ಗುಂಡಿ ಒತ್ತುತ್ತಾಳೆ. ಸದ್ದು ಕೇಳಿದರೆ ಅವರು ಬೆರಳು ಎತ್ತಬೇಕು. ಅವರನ್ನು ಬೆನ್ನು ತಿರುಗಿಸಿಯೇ ಕೂರಿಸಬೇಕು. ಇಲ್ಲದಿದ್ದರೆ ಜನ ಕಿವಿಯ ಮಾತು ಬಿಟ್ಟು, ಗುಂಡಿ ಒತ್ತುವ ಕೈಯನ್ನೇ ನೋಡಿ ಬೆರಳೆತ್ತಿಬಿಡುತ್ತಾರೆ.

ಹಿಂದೆ ಇದೇ ಕುರ್ಚಿಯಲ್ಲಿ ಕೂತು ಇದೇ ಕೆಲಸ ಮಾಡಿದವಳು ಅವಳ ಅಮ್ಮ. ಸಂಜೆ ಶಾಲೆ ಬಿಟ್ಟ ಮೇಲೆ ಮಗಳನ್ನು ಗಾಜಿನೊಳಗೆ ಕೂರಿಸಿ ಬೆರಳೆತ್ತುವ ಆಟ ಆಡಿಸುತ್ತಿದ್ದಳು. ಕಿವಿಯಕ್ಕನಿಗೋ ಚಿತ್ರ ಬರೆಯುವ ಹುಚ್ಚು. ಕಾಲೇಜು ಸೇರುವಾಗ ಅಮ್ಮ ಆಡಿದ್ದು ಒಂದೇ ಮಾತು: "ಎಲ್ಲಾ ನಿನ್ನಿಷ್ಟ ಕಣೇ." ಗದರುವ ತಾಯಿಗಾದರೆ ಎದುರಾಡಬಹುದು, ನಿನ್ನಿಷ್ಟ ಎನ್ನುವವಳ ಜೊತೆ ಜಗಳಕ್ಕೆ ನಿಲ್ಲುವುದು ಹೇಗೆ? ಬಣ್ಣದ ಡಬ್ಬಿ ಅಟ್ಟ ಸೇರಿತು, ಅವಳು ಅಮ್ಮನ ಕೋರ್ಸನ್ನೇ ಸೇರಿದಳು. ಆ ಸಂಕಟ ಅವಳಿಗೆ ಇನ್ನೂ ಆರಿಲ್ಲ. ಅದಕ್ಕೇ ತನ್ನ ಮಗಳ ವಿಷಯದಲ್ಲಿ ತುಟಿ ಪಿಟಕ್ಕೆನ್ನಬಾರದು ಎಂದು ಶಪಥ ಮಾಡಿದ್ದಳು. ಮಗಳಿಗೆ ಮರಗೆಲಸವೆಂದರೆ ಪ್ರಾಣ. ಮನೆಯಲ್ಲಿ ಕುಂಟುವ ಸ್ಟೂಲುಗಳೆಲ್ಲ ಅವಳ ಕೈಚಳಕವೇ.

ಆವತ್ತು ಸಂಜೆ ಯಂತ್ರದ ಪ್ಲಗ್ ಕಿತ್ತು ಮೇಜಿನ ಮೇಲಿಟ್ಟಾಗ ಮಗಳು ಬಂದಳು. ಕಾಲೇಜಿಗೆ ಅರ್ಜಿ ಹಾಕಲು ಮರುದಿನವೇ ಕೊನೆ.

"ಅಮ್ಮಾ, ಚಿಕ್ಕೋಳಿದ್ದಾಗ ಆಡಿಸ್ತಿದ್ಯಲ್ಲ, ಆ ಆಟ!" ಎಂದು ನಗುತ್ತ ಒಳಗೆ ಹೋಗಿ, ಹೆಡ್‌ಫೋನ್ ಹಾಕಿಕೊಂಡು, ಬೆನ್ನು ತಿರುಗಿಸಿ ಕೂತಳು.

ಕಿವಿಯಕ್ಕ ನಗುತ್ತಲೇ ನೋಡುತ್ತಿದ್ದಳು. ಮಗಳ ಬೆರಳು ಮೇಲೆದ್ದಿತು. ಇಳಿಯಿತು. ಮತ್ತೆ ಎದ್ದಿತು. ಪ್ಲಗ್ ಕಣ್ಣೆದುರೇ ಬಿದ್ದಿತ್ತು.

ಹೊರಬಂದ ಮಗಳ ಮುಖದಲ್ಲಿ ನಗುವಿರಲಿಲ್ಲ.

"ಏನೇ ಕೇಳಿಸ್ತು ನಿಂಗೆ?"

"ಅದೇ, ಪೀ ಅಂತ, ಸಣ್ಣಗೆ. ಬಿಡಮ್ಮ, ನೀನು ಹೇಳ್ದಂಗೇ ಆಗ್ಲಿ. ನಿನ್ನ ಕೋರ್ಸಿಗೇ ಸೇರ್ತೀನಿ."

"ನಾನೇನೂ ಹೇಳೇ ಇಲ್ವಲ್ಲೇ! ಎಲ್ಲಾ ನಿನ್ನಿಷ್ಟ ಕಣೇ."

ಕಿವಿಯಕ್ಕನ ಬಾಯಿಂದ ಹೊರಬಿದ್ದದ್ದು ತೀರಿಹೋದ ಅಮ್ಮನ ದನಿ. ಮಗಳು ಮೇಜಿನತ್ತಲೇ ನೋಡುತ್ತಿದ್ದಳು. ಕಿವಿಯಕ್ಕನೂ ನೋಡಿದಳು.

ಕರೆಂಟಿಲ್ಲದ ಯಂತ್ರದ ಗುಂಡಿಯನ್ನು ಅವಳದೇ ಹೆಬ್ಬೆರಳು ಒತ್ತುತ್ತಿತ್ತು, ಬಿಡುತ್ತಿತ್ತು, ಮತ್ತೆ ಒತ್ತುತ್ತಿತ್ತು. ಕೈ ಹಿಂದಕ್ಕೆಳೆದುಕೊಳ್ಳಲು ನೋಡಿದಳು. ಅದು ಬರಲಿಲ್ಲ.