ಕಟ್ಟೆಗೆ ಮುಳ್ಳು ಬಡಿಸಿದ ಸೆಕ್ರೆಟರಿ

ನಾನು ಈ ಬಾಳಿನಲ್ಲಿ ಸರಿಯಾಗಿ ಕಲಿತ ವಿದ್ಯೆ ಒಂದೇ. ಕೂತವರನ್ನು ಎಬ್ಬಿಸುವುದು.

ಹೈಸ್ಕೂಲು ಮುಗಿಸಿ ಉಡುಪಿ ಕಡೆಯಿಂದ ಮುಂಬಯಿಗೆ ಬಂದವನು ದಾದರ್‌ನ ಒಂದು ಹೋಟೆಲಿನಲ್ಲಿ ಮೊದಲು ಟೇಬಲ್ ಒರೆಸಿದೆ, ಆಮೇಲೆ ಕೌಂಟರಿನಲ್ಲಿ ಕೂತೆ, ಅಲ್ಲೇ ಮುದುಕನಾದೆ. ಊಟದ ಹೊತ್ತಿನಲ್ಲಿ ಬಾಗಿಲ ಬಳಿ ಜನ ಕಾಯುತ್ತಿರುವಾಗ, ಚಾ ಮುಗಿಸಿಯೂ ಹರಟುತ್ತ ಕೂತ ಗಿರಾಕಿಯನ್ನು ಬಾಯಿ ಬಿಟ್ಟು ‘ಏಳಿ’ ಅನ್ನುವಂತಿಲ್ಲ. ಅದಕ್ಕೆ ಬೇರೆ ದಾರಿಗಳಿವೆ. ಮೊದಲು ನೀರಿನ ಗ್ಲಾಸು ಎತ್ತಿಸಬೇಕು. ಆಮೇಲೆ ಅವನು ಮೊಣಕೈ ಎತ್ತಲೇಬೇಕಾಗುವ ಹಾಗೆ ಒದ್ದೆ ಬಟ್ಟೆಯಲ್ಲಿ ಟೇಬಲ್ ಒರೆಸಬೇಕು. ಅದಕ್ಕೂ ಬಗ್ಗದಿದ್ದರೆ ತಲೆಯ ಮೇಲಿನ ಫ್ಯಾನು ನಿಲ್ಲಿಸಬೇಕು. ಮುಂಬಯಿಯ ಸೆಕೆಯಲ್ಲಿ ಫ್ಯಾನು ನಿಂತ ಮೇಲೂ ಕೂತ ಮನುಷ್ಯನನ್ನು ನಾನು ಕಂಡಿಲ್ಲ. ನಮ್ಮ ಧಣಿಗಳು ನನ್ನನ್ನು ಮೆಚ್ಚಿಕೊಂಡಿದ್ದರೆ ಅದು ಇದೊಂದಕ್ಕೇ.

ಇಂಥವನ ಕೈಗೆ ಘಾಟ್ಕೋಪರ್‌ನ ನಮ್ಮ ಬಿಲ್ಡಿಂಗಿನವರು ಸೊಸೈಟಿಯ ಸೆಕ್ರೆಟರಿ ಕೆಲಸ ಕೊಟ್ಟರು. ಸಂಬಳವಿಲ್ಲದ ಕೆಲಸ, ಯಾರಿಗೂ ಬೇಡದ ಕೆಲಸ. ನೀರಿನ ಪಂಪು, ಮೆಟ್ಟಿಲ ಬಲ್ಬು, ಟೆರೇಸಿನ ಸೋರಿಕೆ, ಒಬ್ಬರ ಮನೆಯ ಒಣಗಿಸಿದ ಸೀರೆಯಿಂದ ಇನ್ನೊಬ್ಬರ ಕಿಟಕಿಗೆ ತೊಟ್ಟಿಕ್ಕುವ ನೀರು, ಎಲ್ಲಕ್ಕೂ ಕಮಿಟಿಯೇ ಉತ್ತರ ಕೊಡಬೇಕು. ನಾನು ಹೇಗೆ ಆರಿಸಿ ಬಂದೆ ಎಂಬುದನ್ನು ನನ್ನ ಹೆಂಡತಿ ಹೀಗೆ ಹೇಳುತ್ತಾಳೆ: “ಸೆಕ್ರೆಟರಿ ಯಾರು ಆಗ್ತೀರಿ ಅಂತ ಕೇಳುವಾಗ ಇವರು ಇನ್ನೊಂದು ವಡೆ ಬೇಕು ಅಂತ ಕೈ ಎತ್ತಿದ್ದು.” ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಕೈ ಇಳಿಸಲೂ ಇಲ್ಲ.

ಹುದ್ದೆ ಸಿಕ್ಕಿದ್ದೇ ತಡ, ನನ್ನ ಕಣ್ಣು ಮೊದಲನೇ ಮಾಳಿಗೆಯ ಮೆಟ್ಟಿಲ ತಿರುವಿನಲ್ಲಿದ್ದ ಚಪ್ಪಲಿ ಪೆಟ್ಟಿಗೆಯ ಮೇಲೆ ಬಿತ್ತು. ಮೊಣಕಾಲೆತ್ತರದ ಮರದ ಪೆಟ್ಟಿಗೆ. ಮುಚ್ಚಳದ ಮೇಲೆ ಕೂತು ಬೂಟು ಹಾಕಿಕೊಳ್ಳಬಹುದು. ಅದು ಆ ಮಾಳಿಗೆಯಲ್ಲಿದ್ದ, ಬಸ್ ಕಂಡಕ್ಟರ್ ಆಗಿ ನಿವೃತ್ತರಾದ ಮರಾಠಿ ಗೃಹಸ್ಥರದು. ಬೆಂಕಿ ಬಿದ್ದರೆ ಜನ ಓಡುವ ದಾರಿಯಲ್ಲಿ ಸಾಮಾನು ಇಡಬಾರದೆಂದು ಕಮಿಟಿಯಲ್ಲಿ ನಿಯಮ ಪಾಸು ಮಾಡಿಸಿ, ಪೆಟ್ಟಿಗೆಯನ್ನು ಅವರ ಮನೆಯೊಳಗೆ ತಳ್ಳಿಸಿದೆ. ಅವರು ಬಹಳ ವಾದಿಸಿದರು. ಮತ್ತೆ ಮತ್ತೆ ವಾದಿಸಬಾರದಲ್ಲ ಎಂದು ನಾನು ಇನ್ನೊಂದು ನಿಯಮವನ್ನೂ ತಂದೆ: ಒಮ್ಮೆ ಪಾಸಾದ ವಿಷಯವನ್ನು ವರ್ಷದ ದೊಡ್ಡ ಮೀಟಿಂಗಿನ ತನಕ ಯಾರೂ ಎತ್ತಕೂಡದು. ಆ ನಿಯಮ ಬರೆದ ದಿನ ನನ್ನ ಬುದ್ಧಿಗೆ ನಾನೇ ಬೆರಗಾಗಿದ್ದೆ. ಅಂದಿನಿಂದ ಕಂಡಕ್ಟರರು ಮೆಟ್ಟಿಲಲ್ಲಿ ನನ್ನನ್ನು ಕಂಡರೆ ಗೋಡೆಗೆ ಒತ್ತಿ ನಿಂತು, ಬಸ್ಸಿನಲ್ಲಿ ಕೂಗುತ್ತಿದ್ದ ಧಾಟಿಯಲ್ಲೇ ಕೂಗುತ್ತಿದ್ದರು: “ಪುಢೇ ಚಲಾ, ಪುಢೇ ಚಲಾ!” ಮುಂದೆ ನಡೀರಿ ಎಂದರ್ಥ.

ಗೇಟಿನ ಪಕ್ಕ, ಗ್ರೌಂಡ್ ಫ್ಲೋರಿನ ನನ್ನ ಕಿಟಕಿಯ ಎದುರಿಗೇ, ಒಂದು ಬಾದಾಮಿ ಮರವಿದೆ. ಅದರ ಸುತ್ತ ಸಿಮೆಂಟಿನ ಕಟ್ಟೆ. ಸಂಜೆಯಾದರೆ ಅಲ್ಲಿ ಹೆಂಗಸರು ಸೇರುತ್ತಿದ್ದರು. ನಡುವೆ ಕೂರುವವರು ಎರಡನೇ ಮಾಳಿಗೆಯ ವಿಜಯಪುರದ ಹಿರಿಯಾಕೆ. ಇಡೀ ಬಿಲ್ಡಿಂಗಿಗೆ ‘ಆಯಿ’. ಮಗ ಸೊಸೆ ಇಬ್ಬರಿಗೂ ಬೊರಿವಲಿಯಲ್ಲಿ ಕೆಲಸ. ಬೆಳಿಗ್ಗೆ ಹೋದವರು ಕತ್ತಲಾದ ಮೇಲೆ ಬರುತ್ತಿದ್ದರು. ಆಯಿಗೆ ಮಂಡಿ ನೋವು. ನಡೆಯುವುದನ್ನು ಬಿಟ್ಟರೆ ಮಂಡಿ ಬಿಗಿದುಹೋಗಿ ಹಾಸಿಗೆಯೇ ಗತಿ ಎಂದು ಡಾಕ್ಟರು ಹೇಳಿದ್ದರು. ಲಿಫ್ಟಿಲ್ಲದ ಬಿಲ್ಡಿಂಗು. ಆದ್ದರಿಂದ ಆಕೆ ದಿನಾ ಸಂಜೆ ಕಂಬಿ ಹಿಡಿದು ಇಳಿದು ಕಟ್ಟೆಗೆ ಬಂದು ಕೂರುತ್ತಿದ್ದರು. ಅದೇ ಅವರ ಔಷಧ, ಅದೇ ಅವರ ಊರು.

ಒಂದು ಸಂಜೆ ನಾನು ಕಿಟಕಿಯ ಪರದೆಯ ಹಿಂದೆ ಕೂತಿದ್ದೆ. ಹೊರಗಿನಿಂದ ನನ್ನದೇ ದನಿ ಕೇಳಿಸಿತು. ಆಯಿ ನನ್ನ ಹಾಗೆ ಗಂಟಲು ಸರಿಮಾಡಿಕೊಂಡು ನೋಟಿಸು ಓದುತ್ತಿದ್ದರು:

“ಸಮಸ್ತ ಸದಸ್ಯರಿಗೆ ಸೂಚನೆ! ಉಸರು ಒಳಗ ಎಳಕೋಬೌದು. ಹೊರಗ ಬಿಡಬೇಕಂದ್ರ ಸೆಕ್ರೆಟರಿ ಸಾಹೇಬ್ರ ಪರವಾನಗಿ ಬೇಕ!”

ಕಟ್ಟೆಯ ಮೇಲಿನ ಹೆಂಗಸರೆಲ್ಲ ನಕ್ಕರು. ಎಲ್ಲರಿಗಿಂತ ದೊಡ್ಡದಾಗಿ ನಕ್ಕ ದನಿ ಯಾರದೆಂದು ನನಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಆ ದನಿಯ ಜೊತೆ ಸಂಸಾರ ಮಾಡಿ ಕೂದಲು ನೆರೆತಿದೆ.

ಮುಂದಿನ ಮೀಟಿಂಗಿನಲ್ಲಿ ನಾನು ಭದ್ರತೆಯ ವಿಷಯ ಎತ್ತಿದೆ. ಟೆರೇಸಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಭಾನುವಾರ ನಡೆಯುವ ಮೀಟಿಂಗು. ಮಧ್ಯಾಹ್ನದ ಹೊತ್ತು ಯಾರ್‍ಯಾರೋ ನಮ್ಮ ಕಟ್ಟೆಯ ಮೇಲೆ ಬಂದು ಕೂರುತ್ತಾರೆ, ಪಾರ್ಸೆಲ್ ತರುವವರು ಕಾಲು ಚಾಚುತ್ತಾರೆ, ನಾಳೆ ಕಳವಾದರೆ ಯಾರು ಜವಾಬ್ದಾರಿ, ಎಂದೆಲ್ಲ ಹೇಳಿದೆ. ಕಟ್ಟೆಯ ಮೇಲೆ ಕಬ್ಬಿಣದ ಮುಳ್ಳಿನ ಪಟ್ಟಿ ಕೂರಿಸೋಣ ಎಂದೆ. ನಮ್ಮ ಚೇರ್ಮನ್ ಬಟ್ಟೆ ವ್ಯಾಪಾರದ ಗುಜರಾತಿ. ಕೊನೆಗೆ ಮಾತಾಡಿದವರೇ ಸರಿ ಎಂದು “ಬರಾಬರ್” ಅನ್ನುವುದು ಅವರ ಪದ್ಧತಿ. ಅದಕ್ಕೇ ನಾನು ಯಾವಾಗಲೂ ಕೊನೆಗೆ ಮಾತಾಡುತ್ತಿದ್ದೆ.

ಕಂಡಕ್ಟರರು ಮಾತ್ರ ಕೇಳಿದರು, “ಔರ್ ಆಯಿ ಕಹಾಂ ಬೈಠೇಗಿ?”

“ಅವರ ಮನೆಯಲ್ಲಿ ಕುರ್ಚಿ ಇದೆಯಲ್ಲ,” ಎಂದೆ ನಾನು ಹಿಂದಿಯಲ್ಲಿ.

“ಬರಾಬರ್,” ಎಂದರು ಚೇರ್ಮನ್.

ಹಿಂದಿನ ಗಲ್ಲಿಯ ವೆಲ್ಡಿಂಗಿನವನು ಬಂದು ಮುಳ್ಳು ಕೂರಿಸಿ ಹೋದ. ನಾನು ಮರಕ್ಕೆ ‘ಇಲ್ಲಿ ಕೂರಬಾರದು’ ಎಂದು ಹಿಂದಿಯಲ್ಲಿ ಬೋರ್ಡನ್ನೂ ಕಟ್ಟಿದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. “ಇದರ ಮೇಲೆ ಯಾರು ಕೂರ್ತಾರೆ ಅಂತ ಬೋರ್ಡು ಮಾರಾಯ್ರೆ?” ಎಂದು ಕೇಳಿದಳು. ಆ ಮುಳ್ಳಿಗೆ ಮೊದಲು ಹರಿದದ್ದು, ಬೋರ್ಡು ಕಟ್ಟಲು ಬಗ್ಗಿದ ನನ್ನದೇ ಹೊಸ ಲುಂಗಿ.

ಸಂಜೆ ಆಯಿ ಇಳಿದು ಬಂದರು. ಒಂದು ಮುಳ್ಳನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದರು. ನಾನು ಗೇಟಿನ ಬಳಿಯೇ ನಿಂತಿದ್ದೆ.

“ಸಾಹೇಬ್ರ, ನಮ್ಮೂರಾಗ ಪಂಚಾಯ್ತಿ ಮಂದಿ ಕಟ್ಟಿ ಮ್ಯಾಲ ಕುಂದರತಿದ್ರು. ನಿಮ್ಮ ಪಂಚಾಯ್ತಿ ಕಟ್ಟಿಗೇ ಮುಳ್ಳ ಬಡೀತು ನೋಡ್ರಿ.”

ಅಷ್ಟು ಹೇಳಿ ಹತ್ತಿ ಹೋದರು. ಮರುದಿನ ಬಂದು, ಗೇಟು ಹಿಡಿದು ಸ್ವಲ್ಪ ಹೊತ್ತು ನಿಂತಿದ್ದು ಹೋದರು. ಅದಾದ ಮೇಲೆ ಬರಲಿಲ್ಲ.

ನನಗೆ ಗೆದ್ದ ಸಂತೋಷ ಕೆಲವು ದಿನ ಇತ್ತು. ಸಂಜೆ ಕಿಟಕಿಯ ಹೊರಗೆ ಒಳ್ಳೆಯ ಮೌನ. ಮಳೆಗಾಲ ಮುಗಿಯಿತು. ಒಂದು ದಿನ ಊಟ ಬಡಿಸುತ್ತ ಹೆಂಡತಿ ಹೇಳಿದಳು, “ಆಯಿಗೆ ಈಗ ಬಾತ್‌ರೂಮಿಗೆ ಹೋಗ್ಲಿಕ್ಕೂ ಗೋಡೆ ಹಿಡೀಬೇಕು. ಗೊತ್ತುಂಟಾ ನಿಮಗೆ?”

ಆಗಲೇ ಅವಳಿಗೆ ನಿಜ ಹೇಳಿದೆ. ಕಳ್ಳಕಾಕರ ಭಯವೂ ಇಲ್ಲ, ಭದ್ರತೆಯೂ ಇಲ್ಲ. ನೀವೆಲ್ಲ ನಕ್ಕದ್ದು ಕೇಳಿಸಿತ್ತು, ಅದಕ್ಕೆ ಎಂದೆ.

ಅವಳು ಸೌಟು ಕೆಳಗಿಟ್ಟಳು. “ಅಯ್ಯೋ ದೇವರೇ! ಆಯಿ ಮಾಡಿದ್ದು ಎಂತದೂ ಅಲ್ಲ. ಅಡುಗೆಮನೆಯಲ್ಲಿ ನಾನು ನಿಮ್ಮ ಹಾಗೆ ಮಾಡುದು ಕೇಳಿದ್ರೆ ಇಡೀ ಬಿಲ್ಡಿಂಗಿಗೆ ಮುಳ್ಳು ಬಡಿಸ್ತಿದ್ರಿ ನೀವು.” ಮತ್ತೆ ಸೌಟು ಎತ್ತಿಕೊಂಡು, “ತೆಗೆಸಿ ಅದನ್ನು,” ಎಂದಳು.

ತೆಗೆಸುವುದು ಹೇಗೆ? ಪಾಸಾದ ವಿಷಯವನ್ನು ದೊಡ್ಡ ಮೀಟಿಂಗಿನ ತನಕ ಎತ್ತುವಂತಿಲ್ಲ. ಅದಕ್ಕಿನ್ನೂ ತಿಂಗಳುಗಳಿದ್ದವು. ಅಷ್ಟರಲ್ಲಿ ಆಯಿಯ ಮಂಡಿ ಯಾರ ನಿಯಮಕ್ಕೂ ಕಾಯುವಂತಿರಲಿಲ್ಲ. ಚೇರ್ಮನ್‌ರನ್ನು ಕೇಳಿದರೆ ಅವರು ಕೈ ಮುಗಿದರು: “ಸೆಕ್ರೆಟರಿಜೀ, ರೂಲ್ ತೋ ಆಪ್ ಕಾ ಹೀ ಹೈ.” ನಾನೇ ತಂದ ನಿಯಮದ ಬಲೆಯಲ್ಲಿ ನಾನೇ ಒದ್ದಾಡಿದೆ. ಕೊನೆಗೆ ಒಂದು ದಾರಿ ಹೊಳೆಯಿತು. ಸುಳ್ಳು ಕಾರಣ ಹೇಳಿ ಪಾಸು ಮಾಡಿಸಿದ್ದು ಪಾಸಾದ ಹಾಗೆಯೇ ಅಲ್ಲ ಎಂದು ವಾದಿಸಬಹುದು. ಆದರೆ ಹಾಗೆ ವಾದಿಸಬೇಕಾದರೆ ಸುಳ್ಳು ಹೇಳಿದವನೇ ಎದ್ದು ನಿಂತು ಹೇಳಬೇಕು.

ಟೆರೇಸಿನಲ್ಲಿ ಎದ್ದು ನಿಂತೆ. ಭದ್ರತೆಯ ಮಾತು ಸುಳ್ಳು, ಆಯಿ ನನ್ನನ್ನು ಅಣಕಿಸಿದಾಗ ಹೆಂಗಸರು ನಕ್ಕದ್ದನ್ನು ತಡೆಯಲಾರದೆ ಹಾಗೆ ಮಾಡಿದೆ ಎಂದು ಹಿಂದಿಯಲ್ಲಿ ಹೇಳಿ ಮುಗಿಸಿದೆ. ನನ್ನ ಹಿಂದಿ ಹೋಟೆಲಿನ ಹಿಂದಿ. ಪಶ್ಚಾತ್ತಾಪಕ್ಕೆ ಅದರಲ್ಲಿ ಶಬ್ದಗಳು ಕಡಿಮೆ. ಆಮೇಲೆ ಕಂಡಕ್ಟರರು ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕೂತರು.

“ಆಯಿ ಏನಂದಿದ್ದರು ಅಂತ ತಿಳಿಯದೆ ಕಮಿಟಿ ಹೇಗೆ ತೀರ್ಮಾನ ಮಾಡುವುದು? ಮಾಡಿ ತೋರಿಸಿ,” ಎಂದರು.

ಚೇರ್ಮನ್‌ರ ಕಡೆ ನೋಡಿದೆ. “ಬರಾಬರ್,” ಎಂದರು ಅವರು.

ಹೀಗೆ ಈ ವಯಸ್ಸಿನಲ್ಲಿ ನಾನು ಬಿಸಿಲಲ್ಲಿ ನಿಂತು, ನನ್ನನ್ನು ಅಣಕಿಸಿದ ಆಯಿಯನ್ನು ಅಣಕಿಸಿ ತೋರಿಸಿದೆ. ಗಂಟಲು ಸರಿಮಾಡಿಕೊಂಡೆ. ಉಸಿರು ಎಳೆದುಕೊಳ್ಳಬಹುದು, ಬಿಡಲು ಪರವಾನಗಿ ಬೇಕು ಎಂದೆ. ನಗು ಎಷ್ಟು ಜೋರಾಯಿತೆಂದರೆ ಪಕ್ಕದ ಬಿಲ್ಡಿಂಗಿನವರು ಬಾಲ್ಕನಿಗೆ ಬಂದರು. ಮುಳ್ಳು ತೆಗೆಯುವುದು ಪಾಸಾಯಿತು.

ವೆಲ್ಡಿಂಗಿನವನೇ ಬಂದು ಕತ್ತರಿಸಿದ. ಬೋರ್ಡನ್ನು ನಾನೇ ಬಿಚ್ಚಿದೆ. ಆಯಿ ಮಾತ್ರ ಬರಲಿಲ್ಲ. ಅಂದೂ ಇಲ್ಲ, ಮರುದಿನವೂ ಇಲ್ಲ. ಕಟ್ಟೆ ಖಾಲಿ ಬಿದ್ದಿತ್ತು. ಕೋಪವಿರಬೇಕು, ಹೋಗಿ ಕ್ಷಮೆ ಕೇಳಿ ಬರುತ್ತೇನೆಂದು ಹೊರಟೆ.

ಗ್ರೌಂಡ್ ಫ್ಲೋರಿನವನಿಗೆ ಮೆಟ್ಟಿಲು ಹತ್ತುವ ಅಭ್ಯಾಸವಿಲ್ಲ. ಮೀಟಿಂಗಿನ ದಿನ ನಡುನಡುವೆ ಯಾರಾದರೂ ಮಾತಿಗೆ ಸಿಗುತ್ತಾರೆ, ನಿಂತದ್ದು ತಿಳಿಯುವುದಿಲ್ಲ. ಈ ಸಲ ಒಬ್ಬನೇ. ಮೊದಲನೇ ಮಾಳಿಗೆಯ ತಿರುವು ಮುಟ್ಟುವಷ್ಟರಲ್ಲಿ ಎದೆ ಡವಗುಟ್ಟಿತು. ಒಂದು ಗಳಿಗೆ ಕೂರೋಣವೆಂದು ಸುತ್ತ ನೋಡಿದೆ. ಕೂರಲು ಏನೂ ಇರಲಿಲ್ಲ. ಗೋಡೆಯ ಮೇಲೆ, ಹಿಂದೆ ಪೆಟ್ಟಿಗೆ ಒರಗಿದ್ದ ಕಡೆ, ಬಣ್ಣ ಮಾಸದ ಒಂದು ಚೌಕ ಮಾತ್ರ ಇತ್ತು. ಅದರ ಎದುರು ನಾನು ಏದುಸಿರು ಬಿಡುತ್ತ ನಿಂತೆ.

ಆಯಿ ಕುರ್ಚಿಯಲ್ಲಿದ್ದರು. ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ.

“ಅದನ್ನ ನೀವು ಹೇಳಬೇಕೇನ್ರಿ?” ಎಂದರು. “ಪರದೆ ಹಿಂದ ನಿಮ್ಮ ಕೆಮ್ಮ ಕೇಳತಿತ್ತು. ನೀವು ಕೇಳಲಿ ಅಂತನ ಮಾಡತಿದ್ದೆ. ಸಾಹೇಬ್ರು ಒಂದ್ ದಿನ ನಕ್ಕೋತ ಹೊರಗ ಬರತಾರ ಅಂದ್ಕೊಂಡಿದ್ದೆ.”

ಹಾಗಾದರೆ ಸಿಟ್ಟಿಗೇ ಕೆಳಗೆ ಬರುತ್ತಿಲ್ಲವೇ ಎಂದು ಕೇಳಿದೆ.

“ಸಿಟ್ಟಿಲ್ರಿ ನನಗ. ಆದ್ರ ಇಳ್ಯಾಕ ಹೆಂಗ? ಮೊದ್ಲ ಆ ಚಪ್ಪಲಿ ಡಬ್ಬಿ ಮ್ಯಾಲ ಕುಂತು ದಣುವ ಆರಿಸ್ಕೊಂಡ ಇಳೀತಿದ್ದೆ. ಡಬ್ಬಿ ಹೋದ ಮ್ಯಾಲೂ ಹೆಂಗೋ ಇಳದೆ, ಕೆಳಗ ಕಟ್ಟಿ ಐತಿ ಅಂತ. ಈಗ ಕಾಲಾಗ ಆ ಜೀವ ಇಲ್ಲ.”

ಇಳಿದು ಬಂದು ಕಂಡಕ್ಟರರ ಬೆಲ್ ಒತ್ತಿದೆ. ಪೆಟ್ಟಿಗೆ ಅವರ ಬಾಲ್ಕನಿಯಲ್ಲಿತ್ತು. ಅದರೊಳಗೆ ಈರುಳ್ಳಿ, ಬಟಾಟೆ. ಬಂದ ಕಾರಣ ಹೇಳಿದೆ.

“ನಿಮ್ಮ ನಿಯಮ? ಬೆಂಕಿ ಬಿದ್ದರೆ?” ಎಂದರು ಅವರು ಹುಬ್ಬು ಏರಿಸಿ.

“ಕಂಬಿಯ ಕಡೆ ಬೇಡ, ಮೂಲೆಗೆ ಒತ್ತಿ ಇಡೋಣ. ದೊಡ್ಡ ಮೀಟಿಂಗಿನಲ್ಲಿ ಯಾರಾದರೂ ಕೇಳಿದರೆ ತಪ್ಪು ನನ್ನದೆಂದು ಹೇಳುತ್ತೇನೆ. ಈಗ ರೂಢಿಯಾಗಿದೆ.”

ಅವರು ನಕ್ಕುಬಿಟ್ಟರು. ಈರುಳ್ಳಿಯನ್ನು ನನ್ನ ಕೈಯಿಂದಲೇ ಖಾಲಿ ಮಾಡಿಸಿದರು. ಆಮೇಲೆ ಒಂದು ತುದಿ ಅವರು, ಇನ್ನೊಂದು ನಾನು ಹಿಡಿದೆವು. ನಾನು ಹಿಂದೆ ಹಿಂದೆ ಹೆಜ್ಜೆ ಇಡುತ್ತಿದ್ದರೆ ಅವರು ಇಡೀ ಮಾಳಿಗೆಗೆ ಕೇಳುವ ಹಾಗೆ ಕೂಗಿದರು: “ಪುಢೇ ಚಲಾ, ಪುಢೇ ಚಲಾ!”

ಮೊದಲ ದಿನ, ಒಂದು ಭಾನುವಾರ, ಆಯಿ ಸೊಸೆಯ ಭುಜ ಹಿಡಿದು ಪೆಟ್ಟಿಗೆಯ ತನಕ ಇಳಿದು, ಕೂತು, ಮರಳಿ ಹತ್ತಿದರು. ಆಮೇಲೆ ಕೋಲೂರಿಕೊಂಡು ಒಬ್ಬರೇ ಹಲವು ದಿನ ಅಷ್ಟೇ ಮಾಡಿದರು. ನಾನು ಕೆಳಗೆ ನಿಂತು ಅವರ ಕೋಲಿನ ಸದ್ದು ಕೇಳುತ್ತಿದ್ದೆ; ಆ ಸದ್ದು ತಿರುವಿನಲ್ಲಿ ನಿಂತು, ಮತ್ತೆ ಮೇಲಕ್ಕೇ ಹೋಗುತ್ತಿತ್ತು. ಒಂದು ಸಂಜೆ ಅದು ನಿಂತದ್ದು ಮತ್ತೆ ಶುರುವಾಗಿ ಕೆಳಗೆ ಬಂತು. ನಾನು ಹೆದರಿ ಒಳಗೆ ಹೋಗಿ ಪರದೆಯ ಹಿಂದೆ ನಿಂತುಕೊಂಡೆ.

ನನ್ನ ಹೆಂಡತಿ ಆಗಲೇ ಕಟ್ಟೆಯ ಮೇಲೆ ಕೌದಿ ಮಡಚಿ ಹಾಸಿದ್ದಳು. ಆಯಿ ಕೂತರು. ಮೊದಲು ಮಂಡಿ ತಿಕ್ಕಿಕೊಂಡರು. ಆಮೇಲೆ ಕಿಟಕಿಯ ಕಡೆ ತಿರುಗಿದರು.

“ಸಾಹೇಬ್ರ, ಒಳಗ ನಿಂತ ಯಾಕ ಕೆಮ್ಮತೀರಿ? ಹೊರಗ ಬರ್ರಿ. ಗಚ್ಚಿ ಮ್ಯಾಲ ಮೀಟಿಂಗಿನಾಗ ನೋಟೀಸು ಭಾಳ ಚಲೋ ಓದಿದ್ರಂತ. ನಮಗೊಮ್ಮೆ ಓದಿ ತೋರಸ್ರಿ.”

ಹೊರಗೆ ಬಂದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನೋಟಿಸು ಓದುವಾಗ ನಿಲ್ಲುವ ಹಾಗೆ ನೆಟ್ಟಗೆ ನಿಂತು ಗಂಟಲು ಸರಿಮಾಡಿಕೊಂಡೆ.

“ನಿಂತು ಎಂತಕ್ಕೆ?” ಎಂದಳು ಹೆಂಡತಿ, ಪಕ್ಕಕ್ಕೆ ಸರಿಯುತ್ತ. “ಕೂತು ಓದಿ ಮಾರಾಯ್ರೆ.”

ಕತ್ತರಿಸಿದ ಮುಳ್ಳಿನ ಮೊನೆ ಎಲ್ಲಾದರೂ ಉಳಿದಿದೆಯೋ ಎಂದು ಅಂಗೈಯಿಂದ ಕಟ್ಟೆಯನ್ನು ಸವರಿ ನೋಡಿ, ಕೂತೆ.