ಬೋರಲು ಹಾಕಿದ ಹರಿಗೋಲು

ಅವರ ಬಲಗೈ ಹೆಬ್ಬೆರಳಿನ ಉಗುರಿನೊಳಗೆ ವರ್ಷವಿಡೀ ಡಾಂಬರು ಇರುತ್ತಿತ್ತು. ಸೀಮೆಎಣ್ಣೆ ಹಚ್ಚಿ ತಿಕ್ಕಿದರೂ ಹೋಗದ ಕಪ್ಪು. ಕಾನ್ವೆಂಟಿನಲ್ಲಿ ಸಿಸ್ಟರ್ ಪ್ರತಿ ಸೋಮವಾರ ನಮ್ಮ ಉಗುರು ನೋಡುತ್ತಿದ್ದರು. ಆ ಹ್ಯಾಬಿಟ್ಟಿನಿಂದಲೋ ಏನೋ, ನಾನು ಮೊದಲು ಕಂಡದ್ದೇ ಅದನ್ನು. ಹನುಮನಹಳ್ಳಿಯ ಹೊಳೆದಂಡೆಗೆ ಟೀಚರಾಗಿ ಬಂದು, ರಿಟೈರಾಗಿ, ಒಬ್ಬಳೇ ಉಳಿದವಳು ನಾನು. ಪಕ್ಕದ ಮನೆಯ ಮೀನುಗಾರ ಅವರು. ನಾನು ಅಣ್ಣಾ ಎನ್ನುತ್ತಿದ್ದೆ. ನನಗಿಂತ ಹಿರಿಯರಾದರೂ, ಸಾಲೆಯ ಮಕ್ಕಳಂತೆ ಅವರೂ ನನ್ನನ್ನು ‘ಅಕ್ಕೋರ’ ಎಂದೇ ಕರೆದರು.

ಬೆಳಿಗ್ಗೆ ನನ್ನ ಹಿತ್ತಲ ಮೆಟ್ಟಿಲ ಮೇಲೆ ಒಂದು ಮೀನು ಇಟ್ಟು, ಚಹಾ ಕುಡಿದು ಹೋಗುವುದು ಅವರ ರೂಢಿ. ಬಲೆಗೆ ಬಿದ್ದ ಮೀನಿನ ಹೊಟ್ಟೆಯನ್ನು ಆ ಹೆಬ್ಬೆರಳಿನಿಂದ ಒತ್ತಿ ನೋಡಿ, ತತ್ತಿ ಇದ್ದರೆ ಹೊಳೆಗೆ ಬಿಡುತ್ತಿದ್ದರು. ಒಮ್ಮೆ ನನ್ನೆದುರೇ ದೊಡ್ಡದೊಂದನ್ನು ಬಿಟ್ಟಾಗ "ಅಯ್ಯೋ, ವಾಟ್ ಎ ವೇಸ್ಟ್!" ಎಂದೆ.

"ನೀವಂತೂ ಸಂಸಾರ ಮಾಡ್ಲಿಲ್ಲ ಅಕ್ಕೋರ. ಅದಾದ್ರೂ ಮಾಡ್ಲಿ ಬಿಡ್ರಿ."

ಬೇರೆ ಯಾರಾದರೂ ಅಂದಿದ್ದರೆ ಅಳುತ್ತಿದ್ದೆ. ಅವರೊಡನೆ ನಕ್ಕೆ.

ಹೊಳೆಗೆ ಹೊಸ ಕೆಂಪು ನೀರು ಬಂತೆಂದರೆ ಮೀನು ತತ್ತಿ ಇಡುವ ಕಾಲ. ಆಗ ಅವರು ಹರಿಗೋಲನ್ನು ನನ್ನ ಹಿತ್ತಲ ಬೇವಿನ ಮರದಡಿ ಬೋರಲು ಹಾಕಿ, ಡಾಂಬರು ಬಳಿದು, ಎರಡು ತಿಂಗಳು ನೀರಿಗಿಳಿಯದೆ ಗದ್ದೆ ಕೂಲಿಗೆ ಹೋಗುತ್ತಿದ್ದರು. ಅವರಪ್ಪನೂ ಹಾಗೆಯೇ ಮಾಡುತ್ತಿದ್ದರಂತೆ. ಉಳಿದವರು ಆ ದಿನಗಳಲ್ಲೂ ಬಲೆ ಬೀಸುತ್ತಿದ್ದರು.

ಅಂಥದೇ ಒಂದು ಮಳೆಗಾಲದಲ್ಲಿ ಸರ್ವೆಯವರು ಬಂದರು. ಮೀನು ಕಡಿಮೆಯಾಗಿವೆ, ಹರಿಗೋಲುಗಳನ್ನೂ ಕಡಿಮೆ ಮಾಡಬೇಕು, ಊರಿಗೆ ಇಷ್ಟೇ ಎಂದು ಸರ್ಕಾರದ ಟಾರ್ಗೆಟ್. ಬಳಕೆಯಲ್ಲಿರುವುದಕ್ಕೆ ಮಾತ್ರ ಲೈಸೆನ್ಸ್, ಅದಿಲ್ಲದ್ದು ನೀರಿಗಿಳಿಯುವಂತಿಲ್ಲ. ಅಣ್ಣನ ಫಾರ್ಮ್ ತುಂಬಿದವಳು ನಾನೇ. ‘ಹರಿಗೋಲು ಸದ್ಯ ಬಳಕೆಯಲ್ಲಿದೆಯೇ?’ ಎಂದು ಓದಿ ಹೇಳಿದೆ.

"ಈಗೆಲ್ಲೈತ್ರಿ? ಬ್ಯಾವಿನ ಗಿಡದ ಬುಡಕ ಮಕ್ಕೊಂಡೈತಲ್ಲ." ಫಾರ್ಮಿನತ್ತ ಬಗ್ಗಿ ನೋಡಿ, "ಹೌದಂತ ಬರದ್ರ ನಡೀತೈತೇನ್ರಿ?" ಎಂದರು.

"ಸುಳ್ಳು ಬರೀಬಾರದು ಅಣ್ಣಾ. ಕಾರಣ ಬರಿಯೋಣ, ಅವರಿಗೆ ಅರ್ಥ ಆಗ್ತದ."

‘ಇಲ್ಲ’ ಎಂದು ಬರೆದು, ಪಕ್ಕದ ಮಾರ್ಜಿನ್ನಿನಲ್ಲಿ ಕಾರಣವನ್ನು ದುಂಡಗೆ ಬರೆದೆ. ಮಾರ್ಜಿನ್ ಯಾರೂ ಓದಲಿಲ್ಲ. ಪಂಚಾಯಿತಿ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ, ತತ್ತಿ ಮೀನು ಹಿಡಿಯುತ್ತಿದ್ದವರ ಹೆಸರುಗಳೆಲ್ಲ ಇದ್ದವು. ಅಣ್ಣನದು ಇರಲಿಲ್ಲ. ಅಪೀಲು ಬರೆಯುತ್ತೇನೆ ಎಂದು ನಾನು ಕಾಗದ ತೆಗೆದು ಕುಳಿತರೆ, ಅವರೇ ನನಗೆ ಸಮಾಧಾನ ಹೇಳಿದರು.

"ಬಿಡ್ರಿ ಅಕ್ಕೋರ. ಮೀನ ಕಡಿಮಿ ಆಗ್ಯಾವ ಅನ್ನೂದು ಖರೇನ ಐತಿ. ಯಾರಾರ ಹರಿಗೋಲ ಬಿಟ್ಟು ಇಳೀಬೇಕಲ್ಲ."

ಆದರೂ ಬರೆದೆ, ಮೂರು ಸಲ. ಟಾರ್ಗೆಟ್ ಮುಗಿದಿದೆ ಎಂದು ಉತ್ತರ ಬಂತು.

ಆಮೇಲೂ ಅವರು ದಿನಾ ಬೆಳಿಗ್ಗೆ ಬರುತ್ತಿದ್ದರು. ಬರಿಗೈ ಎಂದೋ ಏನೋ, ಮೊದಲಿಗಿಂತ ಒಂದು ಮೆಟ್ಟಿಲು ಕೆಳಗೆ ಕೂರುತ್ತಿದ್ದರು. ಆ ಫಾರ್ಮಿನ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಎತ್ತಿ ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಪ್ರತಿ ಮಳೆಗಾಲ ಮಾತ್ರ ಹರಿಗೋಲಿಗೆ ಡಾಂಬರು ತಪ್ಪಲಿಲ್ಲ.

"ನೀರಿಗೇ ಹೋಗಲ್ಲ, ಇದಕ್ಕ್ಯಾಕೆ ಅಣ್ಣಾ?"

"ಹಂಗ ಬಿಟ್ರ ಗೆದ್ದಲ ಹತ್ತತಾವ್ರಿ."

ಈ ಬೇಸಿಗೆಯಲ್ಲಿ ಅವರು ತೀರಿಹೋದರು. ಪಕ್ಕದ ಮನೆಗೆ ಬೀಗ ಬಿತ್ತು. ಮೊನ್ನೆ ಹೊಳೆಗೆ ಕೆಂಪು ನೀರು ಬಂತು. ಗಂಗಾವತಿಯಿಂದ ಒಂದು ಡಬ್ಬಿ ಡಾಂಬರು ತರಿಸಿ, ಬೇವಿನಡಿ ಕುಳಿತು ನಾನೇ ಬಳಿದೆ. ಅರ್ಧ ಆಗುವಷ್ಟರಲ್ಲಿ ಸೊಂಟ ಹಿಡಿಯಿತು. ಉಳಿದರ್ಧ ನಾಳೆ. ಉಗುರಿನೊಳಗೆ ಸೇರಿದ್ದನ್ನು ತಿಕ್ಕಲು ಹೋಗಿಲ್ಲ.