ನನ್ನ ಪ್ರಾರ್ಥನೆಯಲ್ಲಿ ಕಳೆದುಹೋದ ತಾತ

ನನ್ನ ಪ್ರಾರ್ಥನೆ ಉದ್ದ. ಇದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದ ಕಾಲ ಒಂದಿತ್ತು. ಶಿವಮೊಗ್ಗದ ನಮ್ಮ ಕ್ರೈಸ್ತ ಸಭೆಯ ಯುವಜನ ಕೂಟದಲ್ಲಿ ಬೇರೆಯವರು ಎರಡು ಮಾತಿನಲ್ಲಿ ಮುಗಿಸಿದರೆ ನಾನು ಆದಾಮನಿಂದ ಶುರು ಮಾಡುತ್ತಿದ್ದೆ. "ಮಾರಾಯ, ನೀನು ಆಮೆನ್ ಅನ್ನೋಷ್ಟರಲ್ಲಿ ಅನ್ನ ಹಳಸುತ್ತೆ" ಎಂದು ಕೂಟದ ಜೊತೆಗಾತಿ ಗೇಲಿ ಮಾಡುತ್ತಿದ್ದಳು. ನರ್ಸಿಂಗ್ ಓದುತ್ತಿದ್ದ ಹುಡುಗಿ, ನಾಲಿಗೆ ಹರಿತ.

ಭಾನುವಾರದ ಆರಾಧನೆ ಮುಗಿಸಿ ನಾವಿಬ್ಬರೂ ಬಸ್ಸಿನಲ್ಲಿ ಭದ್ರಾವತಿಗೆ ಹೋಗಿ, ಕಾರ್ಖಾನೆ ಕಾರ್ಮಿಕರ ಹಳೆಯ ಬೀದಿಯೊಂದರಲ್ಲಿ ಮನೆಮನೆಯ ಬಾಗಿಲು ತಟ್ಟುತ್ತಿದ್ದೆವು. ಯಾವ ಸಭೆಯವರೆಂದು ಹೇಳಿ, ನಿಮಗಾಗಿ ಏನಾದರೂ ಪ್ರಾರ್ಥಿಸಬಹುದೇ ಎಂದು ಕೇಳುವುದು, ಬೇಡ ಎಂದರೆ ನಮಸ್ಕಾರ ಹೇಳಿ ಹೊರಡುವುದು. ಹೆಚ್ಚಿನವರು ಬೇಡ ಎನ್ನುತ್ತಿದ್ದರು. ಒಂದು ಭಾನುವಾರ ಒಬ್ಬ ಅಮ್ಮ ತಮಿಳಿನಲ್ಲಿ ಬೈದು ಬಾಗಿಲು ಹಾಕಿಕೊಂಡರು. ನನಗೆ ಸಿಟ್ಟು ಬಂತು. ಗುರುತಿಲ್ಲದವರು ನಮ್ಮನ್ನು ಕಂಡಕೂಡಲೇ ನಂಬಬೇಕು ಎಂದುಕೊಳ್ಳುವುದೇ ಅಧಿಕಪ್ರಸಂಗ ಎಂದು ಆಗ ಹೊಳೆದಿರಲಿಲ್ಲ.

ಕೊನೆಗೆ ಹಣೆಗೆ ವಿಭೂತಿ ಹಚ್ಚಿದ್ದ ನಡುವಯಸ್ಸಿನ ಹೆಂಗಸೊಬ್ಬರು "ಬನ್ನಿ, ಬಿಸಿಲಲ್ಲಿ ನಿಂತ್ಕೋಬೇಡಿ" ಎಂದು ಜಗುಲಿಗೆ ಕರೆದು ನೀರು ಕೊಟ್ಟರು. ಅಲ್ಲೇ ಕುರ್ಚಿಯಲ್ಲಿ ಅವರ ಮಾವ ಕೂತಿದ್ದರು. ಕಾರ್ಖಾನೆಯಿಂದ ನಿವೃತ್ತರಾಗಿ ವರ್ಷಗಳೇ ಆಗಿದ್ದವು. ಈಗ ಸೊಸೆಯ ಮುಖವೂ ಒಮ್ಮೊಮ್ಮೆ ಮರೆಯುತ್ತಿತ್ತಂತೆ. ಗಂಡ ತೀರಿಕೊಂಡ ಮೇಲೆ ಮಾವನನ್ನು ನೋಡಿಕೊಳ್ಳಲು ಆಕೆ ಒಬ್ಬರೇ.

"ಯಾವ ದೇವ್ರಾದ್ರೇನು, ಇವರಿಗೆ ನೆನಪು ಬರ್ಲಿ ಅಂತ ಕೇಳ್ಕೊಳ್ಳಿ" ಎಂದು ಆಕೆ ಕೈಮುಗಿದು ಕಣ್ಣು ಮುಚ್ಚಿದರು. ನಾವೂ ಮುಚ್ಚಿದೆವು. ಸಿಕ್ಕಿದ್ದೇ ಅವಕಾಶ ಎಂದು ನಾನು ಇದ್ದಬದ್ದದ್ದನ್ನೆಲ್ಲ ಸುರಿದೆ. ಆಮೆನ್ ಎಂದು ಕಣ್ಣು ಬಿಟ್ಟಾಗ ಕುರ್ಚಿ ಖಾಲಿ. ಒಳಗೆ ಬರುವಾಗ ನಾನು ಚಿಲಕ ಹಾಕದೆ ಬಿಟ್ಟಿದ್ದ ಗೇಟು ಪೂರ್ತಿ ತೆರೆದಿತ್ತು.

"ಅಯ್ಯೋ ಶಿವನೇ, ಮುಂದೆ ಮೇನ್ ರೋಡು, ಲಾರಿಗಳು!" ಆಕೆ ಬರಿಗಾಲಲ್ಲೇ ಓಡಿದರು. ಅಷ್ಟೊಂದು ಮಾತಾಡಿದ ಬಾಯಿಗೆ ಒಂದು ಮಾತೂ ಬರಲಿಲ್ಲ. ಜೊತೆಗಾತಿಯೇ ಬೆನ್ನಿಗೆ ಗುದ್ದಿ, "ನೀನು ಆ ಕಡೆ ಮನೆಗಳಲ್ಲಿ ಕೇಳು, ಓಡು" ಎಂದಳು.

ಅರ್ಧ ಗಂಟೆ ಮುಂಚೆ ಬೇಡವೆಂದು ಮುಚ್ಚಿಕೊಂಡಿದ್ದ ಬಾಗಿಲುಗಳನ್ನೇ ಮತ್ತೆ ತಟ್ಟಿದೆ. ಈ ಸಲ ಬೇಡಲು ಬಂದಿದ್ದೆ. "ತಾತ ಕಾಣಿಸ್ತಿಲ್ಲ" ಎಂದರೆ ಸಾಕು, ಜನ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದು ಬಂದರು. ಒಬ್ಬರು ಸ್ಕೂಟರ್ ತೆಗೆದರು. ನಮ್ಮನ್ನು ಬೈದಿದ್ದ ಅಮ್ಮ ಚಪ್ಪಲಿ ಮೆಟ್ಟುತ್ತ, "ಟೈಮ್ ಎಷ್ಟು, ಎರಡಾ? ಹಾಗಾದ್ರೆ ಸೆಕೆಂಡ್ ಶಿಫ್ಟ್‌ಗೆ ಹೋಗಿರ್ತಾರೆ. ನಮ್ಮ ಮನೆಯವರ ಜೊತೆ ಕೆಲಸ ಮಾಡಿದವರು, ನಂಗೊತ್ತು. ಬಾ ತಂಬಿ" ಎಂದು ನನಗಿಂತ ಮುಂದೆ ನಡೆದರು.

ಅವರ ಮಾತು ನಿಜವಾಯಿತು. ತಾತ ಕಾರ್ಖಾನೆಯ ಗೇಟಿನ ಮುಂದೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ನಿಂತಿದ್ದರು. "ಲೇಟಾಯ್ತೇನ್ರೀ?" ಎಂದು ನನ್ನನ್ನೇ ಕೇಳಿದರು. "ಇಲ್ಲ ತಾತ, ಇವತ್ತು ರಜೆ" ಎಂದೆ. ನಾನು ಅತ್ತುಬಿಟ್ಟೆ, ಮುಚ್ಚಿಡುವುದೇನಿದೆ.

ಮನೆಗೆ ಬಂದಾಗ ಬೀದಿಯವರೆಲ್ಲ ಜಗುಲಿಯಲ್ಲಿದ್ದರು. "ತಪ್ಪಾಯ್ತಮ್ಮ, ಗೇಟು ತೆರೆದು ಬಿಟ್ಟಿದ್ದು ನಾನೇ" ಎಂದು ತಲೆ ತಗ್ಗಿಸಿ ನಿಂತೆ. ಸೊಸೆ ಮಾವನನ್ನು ಕುರ್ಚಿಯಲ್ಲಿ ಕೂರಿಸಿ ನನ್ನತ್ತ ತಿರುಗಿದರು.

"ಮುಂದಿನ ಭಾನುವಾರ ಬರ್ತೀರಾ?"

"ಪ್ರಾರ್ಥನೆಗಾ?" ಎಂದೆ, ಬುದ್ಧಿಯಿಲ್ಲದೆ.

"ಅಲ್ಲ. ಸಾಯಂಕಾಲದ ತನಕ ಇವರ ಹತ್ರ ಕೂತ್ಕೊಳ್ಳಿ. ನಮ್ಮಮ್ಮ ಇಲ್ಲೇ ಶಿವಮೊಗ್ಗದ ರವೀಂದ್ರನಗರದಲ್ಲಿ ಇದ್ದಾರೆ. ನೋಡಿ ಎರಡು ವರ್ಷ ಆಯ್ತು."

ತಮಿಳಿನ ಅಮ್ಮ ಸೊಸೆಯತ್ತ ತಿರುಗಿ, "ನಮ್ಮನ್ನ ಒಂದು ಮಾತು ಕೇಳ್ಬಾರ್ದಿತ್ತಾ? ಈ ಎರಡು ಮಕ್ಕಳನ್ನೇ ನಂಬೋಕಾಗುತ್ತಾ? ನಾನೂ ಬಂದು ಕೂತ್ಕೊಳ್ತೀನಿ" ಎಂದರು.

ಮುಂದಿನ ಭಾನುವಾರ ಸೊಸೆ ಒಳ್ಳೆಯ ಸೀರೆ ಉಟ್ಟು ನಮಗಾಗಿ ಕಾಯುತ್ತಿದ್ದರು. ಮಾವನನ್ನು ಕಳೆದುಹಾಕಿದವರ ಕೈಗೇ ಮಾವನನ್ನು ಒಪ್ಪಿಸಿ, ಅಮ್ಮನನ್ನು ನೋಡಲು ಬಸ್ಸು ಹತ್ತಿದರು.